ಭಾನುವಾರದ ಕ್ಷೌರ

ನಮ್ಮಪ್ಪನಿಗೂ ಗಡ್ಡ ಬರುತ್ತದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಕಾಗದದ ಕಾರ್ಖಾನೆಗೆ ಹೋಗುವ ದಿನವಾಗಲಿ, ರಜೆಯಾಗಲಿ, ಕೊನೆಗೆ ನಮ್ಮಣ್ಣ ಎಮೀಲನನ್ನು ಮಣ್ಣು ಮಾಡಿದ ದಿನವೇ ಆಗಲಿ, ಅಪ್ಪ, ಅಡೆಲಾರ್ ಬಿಲೊಡೊ, ಅಡುಗೆಮನೆಯ ಸಿಂಕಿನ ಮೇಲಿದ್ದ ಕನ್ನಡಿಯ ಮುಂದೆ ನಿಂತು ಮುಖ ನುಣ್ಣಗೆ ಮಾಡಿಕೊಳ್ಳದೆ ಕಾಫಿಗೆ ಕೂತವನಲ್ಲ. ಅದಕ್ಕೆ ಅವನ ಅಪ್ಪ ಗಡಿಯಾಚೆಯ ಕ್ವಿಬೆಕಿನಿಂದ ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಮಡಚುವ ಕತ್ತಿಯೇ ಆಗಬೇಕು. ಅಂಗಡಿಯ ರೇಜರನ್ನು ಅವನು ಮುಟ್ಟುತ್ತಿರಲಿಲ್ಲ. ನಾವು ಮೂವರು ಮಕ್ಕಳೂ ಆ ಕತ್ತಿ ತೊಗಲಿನ ಪಟ್ಟಿಯ ಮೇಲೆ ಅತ್ತಿತ್ತ ಓಡುವ ಸದ್ದಿಗೇ ಏಳುತ್ತಿದ್ದೆವು.

ಎಂಬತ್ತರ ಹತ್ತಿರ ಬಂದಾಗ ಅಪ್ಪನಿಗೆ ಮರೆವು ಹಿಡಿಯಿತು. ಮೊದಮೊದಲು ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡುತ್ತಿದ್ದ. ಕತ್ತಿಯೂ ಹಾಗೇ ಕಾಣೆಯಾಯಿತು. ಆಮೇಲೆ ಬರೀ ಚಪ್ಪಲಿಯಲ್ಲಿ ಹಿಮದ ಮೇಲೆ ನಡೆದು ಹೋಗತೊಡಗಿದ. ಒಂದು ಬೆಳಿಗ್ಗೆ ನನ್ನ ತಮ್ಮ ಕೊನ್ರಾಡ್ ಅವನನ್ನು ಸೇತುವೆಯ ಮೇಲೆ ಹಿಡಿದು ತಂದ. ಅಪ್ಪನ ಕಾಲುಬೆರಳುಗಳು ಚಳಿಗೆ ಕಪ್ಪಿಟ್ಟಿದ್ದವು. ಡಾಕ್ಟರು ಇನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ ಅಂದರು.

ಮದುವೆಯಾಗದೆ ಅಪ್ಪನ ಜೊತೆಗೇ ಉಳಿದವನು ಕೊನ್ರಾಡ್. ಅಮ್ಮ ಸತ್ತ ಮೇಲೆ ಆ ಮನೆಯಲ್ಲಿ ಅಪ್ಪ, ಮಗ ಇಬ್ಬರೇ. ಕಾರ್ಖಾನೆಯಲ್ಲೂ ಅಪ್ಪನ ಪಕ್ಕದ ಯಂತ್ರದಲ್ಲೇ ದುಡಿದ. ಕಾರ್ಖಾನೆ ಜನರನ್ನು ಕೆಲಸದಿಂದ ಬಿಡಿಸಿದ ಮೇಲೆ ಊರಿನ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದ. ನಾನು ಮದುವೆಯಾಗಿ ಲೂಯಿಸ್ಟನ್ ಪಟ್ಟಣಕ್ಕೆ ಹೋದವಳು, ಅಲ್ಲಿನ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತೇನೆ. ಭಾನುವಾರ ಮಾತ್ರ ಕಾರು ತೆಗೆದುಕೊಂಡು ಊರಿಗೆ ಬರುತ್ತಿದ್ದೆ.

ಅಪ್ಪನನ್ನು ಸೇರಿಸಿದ ಆರೈಕೆಯ ಮನೆಯಲ್ಲಿ ಯಾವ ಅಲಗೂ ಬಾಗಿಲು ದಾಟುವಂತಿರಲಿಲ್ಲ. ಗುಂಯ್‌ಗುಡುವ ಕರೆಂಟಿನ ಕ್ಷೌರದ ಮಶೀನು ಕಿವಿಯ ಹತ್ತಿರ ಬಂದರೆ ಅಪ್ಪ ಕೈ ಬೀಸಿ ಹೊಡೆಯುತ್ತಿದ್ದ. ಅಲ್ಲಿನ ಹುಡುಗಿಯರು ಏಟು ತಿಂದು ತಿಂದು ಸಾಕಾಗಿ ಬಿಟ್ಟುಬಿಟ್ಟರು. ಗಡ್ಡ ಬೆಳೆಯಿತು. ಹಳದಿಗಟ್ಟಿ, ಸೂಪು ಅಂಟಿಕೊಂಡು, ಎದೆಯವರೆಗೆ ಬಂತು. ಒಂದು ಸಲ ನಾನು ಹೋದಾಗ ಅಪ್ಪನನ್ನು ದಾಟಿಕೊಂಡು ಹೋಗಿ ಬೇರೆ ಯಾರೋ ಮುದುಕನ ಮುಂದೆ ನಿಂತಿದ್ದೆ.

ಮಾರ್ಚಿನಲ್ಲಿ ಹಿಮ ಕರಗಿ ಮನೆಯ ನೆಲಮಾಳಿಗೆಗೆ ನೀರು ನುಗ್ಗಿದಾಗ ಕೊನ್ರಾಡ್ ಫೋನ್ ಮಾಡಿದ.

"ಒಡೆಟ್, ಕತ್ತಿ ಸಿಕ್ತು."

"ಯಾವ ಕತ್ತೀನೋ?"

"ಪೆಪೇರ್‌ದು ಕಣೆ." ತಾತನನ್ನು ನಾವು ಹಾಗೇ ಕರೆಯುತ್ತಿದ್ದುದು. "ಅಪ್ಪ ಬಾಯ್ಲರ್ ಹಿಂದೆ ತುರುಕಿಟ್ಟಿದಾನೆ. ಉಣ್ಣೆ ಕಾಲುಚೀಲದೊಳಗೆ. ಒದ್ದೆಮುದ್ದೆ ಆಗಿದೆ."

"ಚೆನ್ನಾಗಿದೆಯಾ?"

"ಎಲ್ಲಿ ಬಂತು! ಕೆಂಪಗೆ ಬೆಂದ ಸೀಗಡಿ ಥರ ಇದೆ."

ಆ ಭಾನುವಾರ ಅವನು ನನ್ನನ್ನು ಸಿಮೋನ್ ಪೊಮೆರ್ಲೊ ಮನೆಗೆ ಕರೆದುಕೊಂಡು ಹೋದ. ಗಂಡ ಸತ್ತ ಮೇಲೆ ಅವನ ಕ್ಷೌರದಂಗಡಿಯನ್ನು ತಾನೇ ನಡೆಸಿದ ಹೆಂಗಸು ಸಿಮೋನ್. ಅಂಗಡಿ ಮುಚ್ಚಿ ಬಹಳ ಕಾಲವಾಗಿತ್ತು, ಆದರೆ ಕುರ್ಚಿಯನ್ನು ಮಾತ್ರ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದಳು. ಅದರಲ್ಲಿ ಬೆಕ್ಕು ಮಲಗುತ್ತಿತ್ತು. ಕನ್ನಡಕ ಹಣೆಗೇರಿಸಿ, ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದೇನೋ ಹುಡುಗಾ, ಹೊಳೆ ತಳದಿಂದ ಬಾಚ್ಕೊಂಡು ಬಂದ್ಯಾ?" ಹುಡುಗನಿಗೆ ಆಗ ಐವತ್ತು ದಾಟಿತ್ತು.

"ಸರಿ ಮಾಡೋಕಾಗುತ್ತಾ, ಮದಾಮ್?"

"ಹೊಳೆಯೋ ಹಾಗೆ ಮಾಡಬಹುದು. ಹೆರೆಯೋ ಹಾಗೆ ಮಾಡೋದು ಬೇರೆ ಮಾತು. ತುಕ್ಕು ಬರೀ ಮೇಲಿದ್ರೆ ಕೊಳೆ ಥರ, ಉಜ್ಜಿದ್ರೆ ಹೋಗುತ್ತೆ. ಒಳಗೆ ತಿಂದಿದ್ರೆ ಹುಳುಕು ಹಲ್ಲು. ನೋಡು, ಬಾಯಿಯ ಹತ್ತಿರಾನೇ ಗುಳಿ ಬಿದ್ದಿವೆ." ಬಾಯಿ ಅಂದರೆ ಅಲಗಿನ ಅಂಚು. "ನನ್ನ ಮಾತು ಕೇಳು. ಗೋಡೆಗೆ ನೇತು ಹಾಕ್ಕೋ. ಗಡ್ಡ ತೆಗೆಯೋದು ಕಲೀಬೇಕಾ, ನಂದೊಂದು ಒಳ್ಳೆ ಕತ್ತಿ ಕೊಡ್ತೀನಿ."

"ನನ್ನ ಗಡ್ಡಕ್ಕಲ್ಲ. ಅಪ್ಪಂಗೆ."

"ಅಡೆಲಾರ್‌ಗಾ?" ಸಿಮೋನ್ ಕತ್ತಿ ಕೆಳಗಿಟ್ಟಳು. "ಅವನು ನಾನು ತಲೆಕೂದಲು ಕತ್ತರಿಸೋವಾಗಲೂ ಗಲ್ಲ ಮುಟ್ಟೋಕೆ ಬಿಡ್ತಿರಲಿಲ್ಲವಲ್ಲೋ."

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ, "ಯಾಕೋ ಇದೆಲ್ಲ ನಿಂಗೆ?"

ಅವನು ಹೇಳಿದ, "ಆ ಗಡ್ಡದೊಳಗೆ ಅವನು ಎಲ್ಲಿದಾನೆ ಅಂತ ಅವನಿಗೇ ಗೊತ್ತಾಗ್ತಿಲ್ಲ, ಒಡೆಟ್. ಮುಖ ಕಂಡ್ರೆ ತಾನ್ಯಾರು ಅಂತ ನೆನಪಾಗುತ್ತೆ. ತಾನ್ಯಾರು ಅಂತ ನೆನಪಾದ್ರೆ, ನಾನ್ಯಾರು ಅಂತಾನೂ ನೆನಪಾಗುತ್ತೆ."

ಹೋದ ನೆನಪು ಮತ್ತೆ ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ನನ್ನಷ್ಟೇ ಅವನೂ ಕೇಳಿಸಿಕೊಂಡಿದ್ದ.

ವಸಂತವೆಲ್ಲ ಅವನು ನೆಲಮಾಳಿಗೆಯ ಮೇಜಿನ ಮುಂದೆ ಕಳೆದ. ಹಿಡಿಯ ಮೊಳೆ ಬಿಡಿಸಿ ಅಲಗನ್ನು ಬೇರೆ ಮಾಡಿದ. ಕೊಂಬಿನ ಹಿಡಿಯನ್ನು ಹುಳ ತಿಂದಿತ್ತು, ಅದನ್ನು ಎಸೆದು ಮೇಪಲ್ ಮರದ್ದೊಂದು ಕೆತ್ತಿದ. ಅಲಗಿಗೆ ಎಣ್ಣೆ ಬಿಟ್ಟು, ಮರಳುಕಾಗದವನ್ನು ಬಿರಡೆಗೆ ಸುತ್ತಿ ಉಜ್ಜಿದ. ಮೊದಲು ಒರಟು ಕಾಗದ, ಆಮೇಲೆ ನಯ, ಆಮೇಲೆ ಇನ್ನೂ ನಯ. ಕಾರ್ಖಾನೆಯ ಗೆಳೆಯನೊಬ್ಬ ತಿರುಗುವ ಸಾಣೆಚಕ್ರ ಕೊಡುತ್ತೇನೆ, ಒಂದೇ ಗಳಿಗೆಯ ಕೆಲಸ ಅಂದಿದ್ದ. ಸಿಮೋನ್ ಕೇಳಿ ಕೂಗಾಡಿದಳು, "ಚಕ್ರಕ್ಕೆ ಹಿಡಿದ್ರೆ ಬಿಸಿಯಾಗುತ್ತೆ. ಅಲಗು ನೀಲಿ ತಿರುಗಿತೋ, ಉಕ್ಕಿನ ಪ್ರಾಣ ಹೋಯ್ತು ಅಂತ್ಲೇ ತಿಳ್ಕೋ. ಕೈಯಿಂದ ಉಜ್ಜು. ಬೇಜಾರಾದ್ರೆ ಹಾಡು ಹೇಳ್ಕೋ."

ತುಕ್ಕು ಹೋಯಿತು. ಕೆಳಗಿಂದ ಬೂದುಬಣ್ಣದ ಉಕ್ಕು ಹೊರಬಂತು, ಅದರ ತುಂಬ ಸಿಡುಬಿನ ಕಲೆಗಳು. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ, ಅಲಗಿನ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ ಮಸೆಯಬೇಕು. ಮಸೆದು ಭೂತಗನ್ನಡಿಯಲ್ಲಿ ನೋಡಿದರೆ ಅಂಚು ನೇರವಾಗಿರುತ್ತಿತ್ತು. ಪಟ್ಟಿಗೆ ಉಜ್ಜಿ ನೋಡಿದರೆ ಗುಳಿಯೊಂದು ತೆರೆದುಕೊಂಡು ಅಂಚು ಪುಡಿಯಾಗಿರುತ್ತಿತ್ತು. ಗುಳಿ ದಾಟುವ ತನಕ ಮತ್ತೆ ಸವೆಸಬೇಕು. ದಾಟಿದರೆ ಅದರ ಹಿಂದೆ ಇನ್ನೊಂದು ಗುಳಿ. ಅಲಗು ಬರಬರುತ್ತಾ ಕಿರಿದಾಯಿತು. ಪೆಪೇರ್‌ನ ಕತ್ತಿಯ ಅಗಲ ನನಗೆ ಚೆನ್ನಾಗಿ ನೆನಪಿತ್ತು. ಈಗ ಅವನ ಕೈಯಲ್ಲಿದ್ದುದು ಅದರ ಒಂದು ಪಟ್ಟೆಯಷ್ಟೇ.

"ಇದರಲ್ಲಿ ಉಳಿಯೋದೇನೋ ಕೊನೆಗೆ?" ಅಂದೆ.

"ಒಂದು ಕೂದಲಿನಷ್ಟು ಒಳ್ಳೆ ಉಕ್ಕು ಸಿಕ್ಕಿದ್ರೂ ಸಾಕು," ಅಂದ.

ಈ ನಡುವೆ ಸಿಮೋನ್ ತನ್ನದೇ ಕತ್ತಿ ಕೊಟ್ಟು ಅವನಿಗೆ ಕೈ ತಿದ್ದಿದಳು. ಪಟ್ಟಿಯ ಮೇಲೆ ಬೆನ್ನು ಮುಂದೆ ಹೋಗಬೇಕು, ಬಾಯಿ ಹಿಂದೆ ಬರಬೇಕು, ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಇವನು ಎತ್ತಿಬಿಡುತ್ತಿದ್ದ. ಅವಳ ಗಂಡನ ಕಾಲದ ಪಟ್ಟಿಯಲ್ಲಿ ಗೀರು ಬಿತ್ತು. "ಹುಟ್ಟಿದಾಗಿಂದ ಗುದ್ದಲಿ ಹಿಡಿದವನ ಥರ ಹಿಡೀತೀಯಲ್ಲೋ," ಅಂದಳು. ಆಮೇಲೆ ಬಲೂನು ಊದಿ ನೊರೆ ಬಳಿದು ಹೆರೆಯಲು ಕೊಟ್ಟಳು. ಮೊದಲ ಬಲೂನು ಢಬ್ ಅಂದು ಬೆಕ್ಕು ಪರದೆ ಹತ್ತಿತು, ಇವನ ಮುಖವೆಲ್ಲ ನೊರೆ.

"ಇವರು ಸತ್ತರು," ಅಂದಳು ಸಿಮೋನ್ ಗಂಭೀರವಾಗಿ. "ಮುಂದಿನ ಗಿರಾಕೀನ ಕರಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊನ್ರಾಡನೂ ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಕಂಡು ವರ್ಷಗಳಾಗಿದ್ದವು.

ಬಲೂನು ಒಡೆಯದಂತಾದ ಮೇಲೆ ತನ್ನ ಕೆನ್ನೆಯ ಮೇಲೆ ಶುರು ಮಾಡಿದ. ಬಿಸಿನೀರಿನ ಟವೆಲು ಮುಖಕ್ಕೆ ಒತ್ತಿ, ಬ್ರಷ್ಷಿನಲ್ಲಿ ನೊರೆಯೆಬ್ಬಿಸಿ, ಒಂದು ಕೈಯಲ್ಲಿ ಚರ್ಮ ಎಳೆದು ಹಿಡಿದು, ಕತ್ತಿಯನ್ನು ತುಸುವೇ ವಾಲಿಸಿ, ಕೂದಲು ಬೆಳೆದ ದಿಕ್ಕಿಗೆ ಚಿಕ್ಕ ಚಿಕ್ಕದಾಗಿ ಎಳೆಯುತ್ತ ಬರಬೇಕು. ಬೇಸಿಗೆಯೆಲ್ಲ ಅವನ ಗಲ್ಲದ ತುಂಬ ರಕ್ತದ ಚುಕ್ಕೆ ಇಂಗಿದ ಕಾಗದದ ಚೂರುಗಳು ಅಂಟಿರುತ್ತಿದ್ದವು. ಆಗಸ್ಟಿನ ಕೊನೆಗೆ ಅವನ ಮುಖ ಅಪ್ಪನ ಮುಖದಂತೆಯೇ ಹೊಳೆಯತೊಡಗಿತು. ಪೆಪೇರ್‌ನ ಕತ್ತಿಯೂ ಅಷ್ಟರಲ್ಲಿ ತಯಾರಾಗಿತ್ತು. ಅಲಗಿನಲ್ಲಿ ಹಿಡಿಯ ಬದಿಯ ತುದಿಯಲ್ಲಿ ಮಾತ್ರ ಒಂದು ಗುಳಿ ಉಳಿದಿತ್ತು. ಸಿಮೋನ್ ಅದನ್ನು ತನ್ನ ತೋಳಿನ ಮೇಲೆ ಎಳೆದು ನೋಡಿ ಹೇಳಿದಳು, "ಈ ಮೂಲೆ ಮುಟ್ಟಿಸಬೇಡ. ಉಳಿದದ್ದು ಒಂದಷ್ಟು ದಿನ ಬರುತ್ತೆ. ಜಾಸ್ತಿ ಆಸೆ ಇಟ್ಕೋಬೇಡ."

ಸೆಪ್ಟೆಂಬರಿನ ಒಂದು ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅಪ್ಪನನ್ನು ಮನೆಗೆ ಕರೆತಂದೆವು. ಸಂಜೆಗೆ ವಾಪಸು ಬಿಡುವುದಾಗಿ ಹೇಳಿ ಬಂದಿದ್ದೆವು. ಅಡುಗೆಮನೆಯಲ್ಲಿ ಸಿಂಕಿನ ಪಕ್ಕ ಕುರ್ಚಿ ಹಾಕಿ, ತಲೆಗೆ ದಿಂಬು ಕೊಟ್ಟು ಕೂರಿಸಿದೆವು. ಉದ್ದ ಗಡ್ಡವನ್ನು ನಾನು ಕತ್ತರಿಯಲ್ಲಿ ಗಿಡ್ಡ ಮಾಡಿದೆ. ಅಪ್ಪ ನನ್ನ ಕೈಯನ್ನು ಅನುಮಾನದಿಂದ ನೋಡುತ್ತಿದ್ದ. ಬಿಸಿ ಟವೆಲು ಬಿದ್ದಾಗ ಬೆಚ್ಚಿದ. ಆದರೆ ಕೊನ್ರಾಡ್ ಬ್ರಷ್ಷಿನಿಂದ ನೊರೆ ಬಳಿಯುತ್ತಾ ಹೋದಂತೆ ಅವನ ಭುಜಗಳು ಇಳಿದವು. ಪಟ್ಟಿಯ ಮೇಲೆ ಕತ್ತಿ ಓಡುವ ಸದ್ದು ಕೇಳಿ ಕಣ್ಣು ಮುಚ್ಚಿದ. ಆಮೇಲೆ, ಯಾರೂ ಹೇಳದೆ, ಕೈ ಎತ್ತಿ ಕಿವಿಯ ಪಕ್ಕದ ಚರ್ಮವನ್ನು ತಾನೇ ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದುಕೊಂಡ. ಕನ್ನಡಿಯ ಮುಂದೆ ದಿನಾ ಹಿಡಿಯುತ್ತಿದ್ದ ಹಾಗೆಯೇ.

ಕೊನ್ರಾಡ್ ನನ್ನ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು. ನಾನು ಹೇಳಿರಲಿಲ್ವಾ, ಅನ್ನುವ ಹಾಗೆ.

ಮೊದಲ ಎಳೆತಕ್ಕೆ ಕೆನ್ನೆಯ ಮೇಲೆ ಬಿಳಿಚಿಕೊಂಡ ಚರ್ಮದ ದಾರಿಯೊಂದು ಬಿತ್ತು. ಒಂದು ಕೆನ್ನೆ ಮುಗಿಯುವ ಹೊತ್ತಿಗೆ ಅಪ್ಪ ಮಾತಾಡಿದ. ತಿಂಗಳುಗಳಿಂದ ಅವನ ಬಾಯಲ್ಲಿ ನೆಟ್ಟಗೆ ಒಂದು ವಾಕ್ಯ ಬಂದಿರಲಿಲ್ಲ.

"ಹೊಸಬನಾ ನೀನು ಇಲ್ಲಿ?"

ಕೊನ್ರಾಡ್, "ಹೌದು," ಅಂದ.

"ಕೈ ಹಗುರ ಇದೆ ನಿಂದು. ಮೊದಲಿನವನು ಕುರಿ ಉಣ್ಣೆ ಕತ್ತರಿಸೋನ ಥರ ಮಾಡ್ತಿದ್ದ."

"ಗಂಟಲ ಹತ್ತಿರ ಬರ್ತೀನಿ, ಅಲ್ಲಾಡಬೇಡಿ," ಅಂದ ಕೊನ್ರಾಡ್. ಆಮೇಲೆ, ಕುರ್ಚಿಯಲ್ಲಿ ಕೂತವರನ್ನು ಎಲ್ಲರೂ ಮಾತಾಡಿಸುವ ಹಾಗೆ, "ಮಕ್ಕಳೆಷ್ಟು ನಿಮಗೆ?" ಅಂತ ಕೇಳಿದ.

ಕೇಳಬೇಡ ಅಂತ ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವನು ಕೇಳಿಯಾಗಿತ್ತು.

"ಇಬ್ಬರು," ಅಂದ ಅಪ್ಪ. "ಒಬ್ಬ ಹುಡುಗ, ಒಬ್ಬಳು ಹುಡುಗಿ. ಎಮೀಲ್ ಅಂತ ಹುಡುಗ. ಒಳ್ಳೆ ಎತ್ತರ ಬೆಳೀತಿದಾನೆ. ಕಾರ್ಖಾನೆಗೆ ಸೇರಿಸ್ಬೇಕು. ಹುಡುಗಿಗೆ ಬಾಯಿ ಜೋರು."

ಎಮೀಲ್ ಕೆರೆಯ ಮಂಜುಗಡ್ಡೆ ಬಿರಿದು ಮುಳುಗಿ ಸತ್ತಾಗ ಅವನಿಗೆ ಹತ್ತೊಂಬತ್ತು.

"ಇನ್ನೊಬ್ಬ ಇಲ್ವಾ? ಎಲ್ಲರಿಗಿಂತ ಚಿಕ್ಕವನು?"

ಅಪ್ಪ ನಿಜವಾಗಿಯೂ ಯೋಚಿಸಿದ. ನೊರೆಯ ಮಧ್ಯೆ ಅವನ ಹುಬ್ಬು ಗಂಟಿಕ್ಕಿತು. "ಇಲ್ಲಪ್ಪ. ಇನ್ನೊಂದು ಬೇಕು ಅಂತಾಳೆ ನನ್ನ ಹೆಂಡತಿ. ನಾನೇ ಬೇಡ ಅಂದೆ. ಇಬ್ಬರು ಸಾಕು. ಇನ್ನೊಂದನ್ನ ಏನ್ ಮಾಡೋದು?"

ಕತ್ತಿ ಗಂಟಲ ಮೇಲೆ ನಿಂತಿತು. ಹೊರಗೆ ಯಾರೋ ಎಲೆ ಗುಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಕೊನ್ರಾಡ್, ಕೆಳಗಿಡು ಅದನ್ನ," ಅಂದೆ. ಅಪ್ಪನಿಗೆ ಏನಾದರೂ ಮಾಡುತ್ತಾನೆಂಬ ಭಯವಲ್ಲ. ಅವನ ಕೈ ನಡುಗೀತು ಅನ್ನುವ ಭಯ.

ಅವನು ಇಡಲಿಲ್ಲ. ಅಲಗನ್ನು ಟವೆಲಿಗೆ ಒರೆಸಿದ. ಗಂಟಲು ಮುಗಿಸಿದ, ಗಲ್ಲ ಮುಗಿಸಿದ, ಮೂಗನ್ನು ಮೆಲ್ಲಗೆ ಎತ್ತಿ ಮೇಲ್ದುಟಿ ಮುಗಿಸಿದ. ಎಲ್ಲೂ ಒಂದು ಹನಿ ರಕ್ತವಿಲ್ಲ. ತಣ್ಣೀರಿನ ಬಟ್ಟೆಯಿಂದ ಮುಖ ಒರೆಸಿ, ಗೋಡೆಯ ಕನ್ನಡಿ ತೆಗೆದು ಅಪ್ಪನ ಮುಂದೆ ಹಿಡಿದ. ಅಷ್ಟಾದ ಮೇಲೂ ಅವನಿಗೆ ಕನ್ನಡಿಯ ಮೇಲೆ ಆಸೆಯಿತ್ತು.

ಅಪ್ಪ ಬಹಳ ಹೊತ್ತು ನೋಡಿದ. ಮುಖವನ್ನು ಕನ್ನಡಿಯ ಹತ್ತಿರ ತಂದ.

"ಪಪಾ," ಅಂದ ಮೆಲ್ಲಗೆ. ಅವನು ತನ್ನ ಅಪ್ಪನನ್ನು ಕರೆಯುತ್ತಿದ್ದುದು ಹಾಗೆ. "ಇವರು ಯಾಕೆ ಇಲ್ಲಿ ಕೂತಿದಾರೆ? ಇವರನ್ನ ಮಣ್ಣು ಮಾಡಿ ಬಂದ್ವಲ್ಲ?" ಆಮೇಲೆ ಅಳತೊಡಗಿದ. ಬಾಯಿ ತೆರೆದು, ಸಣ್ಣ ಮಕ್ಕಳ ಹಾಗೆ. ನಾನು ಕನ್ನಡಿ ಕಸಿದುಕೊಂಡು ಬೋರಲು ಹಾಕಿದೆ. ಮಾಡಿಟ್ಟಿದ್ದ ಮಾಂಸದ ಪೈಯನ್ನು ಯಾರೂ ಮುಟ್ಟಲಿಲ್ಲ.

ಇಷ್ಟಕ್ಕೇ ಬಿಡುತ್ತಾನೆ ಅಂದುಕೊಂಡೆ. ಬಿಡಲಿಲ್ಲ. ಮುಂದಿನ ಭಾನುವಾರವೂ ಕರೆತಂದ, ಅದರ ಮುಂದಿನದೂ.

"ಇನ್ನೂ ಏನು ಸಿಗುತ್ತೆ ಅಂತ ಮಾಡ್ತಿದೀಯ?" ಅಂದೆ ಒಮ್ಮೆ.

"ಏನೂ ಇಲ್ಲ. ಆ ಕುರ್ಚೀಲಿ ಕೂತಾಗ ಅವನು ನನ್ನ ಹತ್ರ ಮಾತಾಡ್ತಾನೆ."

"ಅವನು ಮಾತಾಡೋದು ಯಾವನೋ ಕ್ಷೌರದವನ ಹತ್ರ ಕಣೋ."

"ಹೂಂ. ಅವನ ಹತ್ರನಾದ್ರೂ ಮಾತಾಡ್ಲಿ."

ಎಮೀಲನ ಬಗ್ಗೆಯೇ ಎಲ್ಲ ಮಾತು. ಎಮೀಲ್ ಹಿಡಿದ ಮೀನು, ಎಮೀಲ್ ಕೊಂಡ ಹಿಮದ ಮೇಲೆ ಜಾರುವ ಮೋಟಾರು ಗಾಡಿ. ಕೊನ್ರಾಡ್ ಹೂಂಗುಟ್ಟುತ್ತ ಕತ್ತಿ ಎಳೆಯುತ್ತಿದ್ದ. ಅಣ್ಣ ಸತ್ತಾಗ ಅವನಿಗೆ ಎಂಟೋ ಒಂಬತ್ತೋ. ಆಮೇಲೆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅಪ್ಪನ ಜೊತೆ ಅಷ್ಟು ವರ್ಷ ಒಂದೇ ಮೇಜಿಗೆ ಕೂತು ಉಂಡವನು, ಅಣ್ಣ ಎಂಥವನಾಗಿದ್ದ ಅಂತ ತಿಳಿದುಕೊಂಡಿದ್ದು ಈ ಭಾನುವಾರಗಳಲ್ಲಿ.

ನವೆಂಬರಿನ ಒಂದು ಭಾನುವಾರ ಕ್ಷೌರದ ನಡುವೆ ಅಪ್ಪ ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು, ಕೊನ್ರಾಡನ ಮುಖ ನೋಡಿ, "ಯಾರು ನೀನು?" ಅಂತ ಕಿರುಚಿ ಅಲಗನ್ನೇ ಕೈಯಲ್ಲಿ ಹಿಡಿದುಬಿಟ್ಟ. ಅಂಗೈ ಅಡ್ಡಡ್ಡ ಸೀಳಿತು. ಕತ್ತಿ ಸಿಂಕಿನ ಕಬ್ಬಿಣದ ಅಂಚಿಗೆ ಬಡಿದು ನೆಲಕ್ಕೆ ಬಿತ್ತು. ಬಿಳಿ ನೊರೆಯ ಮೇಲೆಲ್ಲ ರಕ್ತ. ನಾನು ಟವೆಲು ಸುತ್ತಿದೆ. ಕೊನ್ರಾಡ್ ಅವನನ್ನು ಎತ್ತಿಕೊಂಡು ಕಾರಿಗೆ ಓಡಿದ. ದಾರಿಯುದ್ದಕ್ಕೂ ಅಪ್ಪ, "ಈ ಮನುಷ್ಯನ ಕೈಯಿಂದ ಬಿಡಿಸಮ್ಮಾ," ಅಂತ ನನ್ನನ್ನು ಬೇಡುತ್ತಿದ್ದ. ಕೊನ್ರಾಡ್ ರಸ್ತೆ ಬಿಟ್ಟು ಎಲ್ಲಿಯೂ ನೋಡದೆ ಗಾಡಿ ಓಡಿಸಿದ.

ಹೊಲಿಗೆ ಬಿದ್ದವು. ಇನ್ನು ಮೇಲೆ ಹೊರಗೆ ಕಳಿಸುವುದಿಲ್ಲ ಅಂದರು ಆರೈಕೆಯ ಮನೆಯವರು. ಅವರ ಮಾತು ತಪ್ಪಾಗಿರಲಿಲ್ಲ. ಅಪ್ಪನಿಗೆ ಮಂಪರು ಬರುವ ಮಾತ್ರೆ ಕೊಡತೊಡಗಿದರು. ಗಡ್ಡ ಮತ್ತೆ ಬಂತು.

ಕತ್ತಿಯನ್ನು ಕೊನ್ರಾಡ್ ಸಿಮೋನ್ ಹತ್ತಿರ ಒಯ್ದ. ಬಾಯಿಯ ನಡುವೆ ಉಗುರಿನಷ್ಟು ಚೂರು ಹಾರಿಹೋಗಿತ್ತು, ಅಲ್ಲಿಂದ ಬೆನ್ನಿನ ಕಡೆಗೆ ಕೂದಲೆಳೆಯಂಥ ಬಿರುಕು. ಸಿಮೋನ್ ಅದರ ಮೇಲೆ ಬೆರಳಾಡಿಸಿದಳು. ತಮಾಷೆ ಮಾಡಲಿಲ್ಲ.

"ಇದನ್ನ ಇನ್ನು ಮಸೆಯೋಕಾಗಲ್ಲ, ಹುಡುಗಾ. ಮಸೆದಷ್ಟೂ ಬಿರುಕು ಓಡುತ್ತೆ."

"ಗೊತ್ತು. ನೀವು ಹೇಳ್ಲಿ ಅಂತ ತಂದೆ." ಅದನ್ನು ಅಲ್ಲೇ ಬಿಟ್ಟು ಬಂದ. ಅವಳು ಏನು ಮಾಡಿದಳೋ, ನಾವು ಕೇಳಲಿಲ್ಲ.

ಜನವರಿಯಲ್ಲಿ ಅಪ್ಪನಿಗೆ ಎದೆಯಲ್ಲಿ ಕಫ ಕಟ್ಟಿತು. ಕೊನೆಯ ದಿನಗಳಲ್ಲಿ ಕೊನ್ರಾಡ್ ಹಾಸಿಗೆಯ ಪಕ್ಕವೇ ಕೂತಿದ್ದ. ಹೊಲಿಗೆಯ ಗುರುತಿದ್ದ ಕೈಯನ್ನು ಹಿಡಿದುಕೊಂಡರೆ ಅಪ್ಪ ಬಿಡಿಸಿಕೊಳ್ಳುತ್ತಿದ್ದ. ನಾನು ಹಿಡಿದರೆ ಸುಮ್ಮನಿರುತ್ತಿದ್ದ. ಒಂದು ಮಧ್ಯಾಹ್ನ ನಾನು ನೀರು ತರಲು ಎದ್ದು ಹೋದಾಗ ಉಸಿರು ನಿಂತಿತು.

ಹೆಣ ಸಿದ್ಧಮಾಡುವವನು, "ಗಡ್ಡ ಇರಲೋ, ತೆಗೆಯಲೋ?" ಅಂತ ಕೇಳಿದ. ನಾನು ತಮ್ಮನ ಕಡೆ ನೋಡಿದೆ. ನೀನೇ ಮಾಡ್ತೀಯಾ ಅಂತ ಕೇಳೋಣವೆನಿಸಿತು. ಅವನು ಕಿಟಕಿಯ ಹೊರಗೆ ನೋಡುತ್ತ, "ನಿಮ್ಮಿಷ್ಟ," ಅಂದ. ಅವರು ಮಶೀನಿನಲ್ಲಿ ತೆಗೆದು ಪೌಡರು ಹಚ್ಚಿದ್ದರು. ಪೆಟ್ಟಿಗೆಯೊಳಗೆ ಮಲಗಿದ್ದವನು ನಮ್ಮಪ್ಪನೇ, ಅನುಮಾನವೇ ಇಲ್ಲ. ಕೊನ್ರಾಡ್ ಪೆಟ್ಟಿಗೆಯ ಹತ್ತಿರ ಬರಲಿಲ್ಲ.

ನೆಲ ಕಲ್ಲಾಗಿತ್ತು. ನಮ್ಮ ಕಡೆ ಚಳಿಗಾಲದಲ್ಲಿ ಸತ್ತವರು ಸ್ಮಶಾನದ ಕಲ್ಲಿನ ಕೋಣೆಯಲ್ಲಿ ನೆಲ ಸಡಿಲವಾಗುವ ತನಕ ಕಾಯಬೇಕು. ಮೇ ತಿಂಗಳಲ್ಲಿ ಅಪ್ಪನನ್ನು ಅಮ್ಮನ ಮತ್ತು ಎಮೀಲನ ನಡುವೆ ಇಳಿಸಿದೆವು. ಬಂದಿದ್ದವರು ಕೆಲವೇ ಜನ. ಸಿಮೋನ್ ಕೋಲೂರಿಕೊಂಡು ಬಂದಿದ್ದಳು. ಹೊಸ ಪಾದ್ರಿಗೆ ನಮ್ಮ ಮನೆತನದ ಹೆಸರು ನಾಲಿಗೆಗೆ ಹತ್ತಲಿಲ್ಲ. ಆ ಸಾಲಿನಲ್ಲಿ ಮತ್ತೊಬ್ಬರಿಗೆ ಜಾಗ ಉಳಿಯಲಿಲ್ಲ. ಅದನ್ನು ನಾನೂ ನೋಡಿದೆ, ಅವನೂ ನೋಡಿದ.

ಎಲ್ಲರೂ ಹೋದ ಮೇಲೆ ಗೇಟಿನ ಹತ್ತಿರ ಅಂದೆ, "ನಮ್ಮನೆಗೆ ಬಂದು ಇರೋ. ಮೇಲಿನ ಕೋಣೆ ಖಾಲಿ ಇದೆ."

"ನೋಡೋಣ."

"ನೋಡೋಣ ಅಂದ್ರೆ ಬರಲ್ಲ ಅಂತ."

"ಹೌದು," ಅಂದ. ಗಾಡಿಯ ಬಾಗಿಲು ತೆಗೆದು, ಬೂಟಿನ ಮಣ್ಣನ್ನು ಮೆಟ್ಟಿಲಿಗೆ ಬಡಿದು ಉದುರಿಸಿದ. "ನೀ ಹೊರಡು ಒಡೆಟ್. ಮಳೆ ಬರೋ ಹಾಗಿದೆ, ದಾರಿ ಜಾರುತ್ತೆ."

ನಾನು ಹೊರಟೆ. ಅವನ ಗಾಡಿ ಬಹಳ ಹೊತ್ತು ಅಲ್ಲೇ ನಿಂತಿತ್ತಂತೆ. ತನ್ನ ಮನೆಯ ಕಿಟಕಿಯಿಂದ ಕಂಡಿತು ಅಂತ ಸಿಮೋನ್ ಆಮೇಲೆ ಫೋನಿನಲ್ಲಿ ಹೇಳಿದಳು.